ಮೀನಿನ ಹೆಸರು: ರೂಢನಾಮಗಳ ಹುಟ್ಟು, ಸಂಚಾರ ಮತ್ತು ಪ್ರಾಮಾಣ್ಯ

ನಮ್ಮ ಹಳೆಯ ನಿಘಂಟುಗಳಲ್ಲಿ ಮೀನಿನ ಹೆಸರೊಂದನ್ನು ಹುಡುಕಿ ಹೋದ ಅಭ್ಯಾಸಿಗೆ ಬಹುಮಟ್ಟಿಗೆ ದೊರೆಯುವ ಉತ್ತರವು ‘ಒಂದು ಬಗೆಯ ಮೀನು’ ಎಂಬುದೇ ಆಗಿದೆ. ಸಂಸ್ಕೃತ ಕೋಶಗಳ ಮಾರ್ಗವನ್ನು ಅನುಸರಿಸಿದ ಕಡೆ ಅದು ‘ಮತ್ಸ್ಯವಿಶೇಷ’ ಎಂದಾಗುತ್ತದೆ. ಹಕ್ಕಿಯಾದರೆ ‘ಪಕ್ಷಿವಿಶೇಷ’, ಮರವಾದರೆ ‘ವೃಕ್ಷವಿಶೇಷ’. ಇದಕ್ಕಾಗಿ ನಿಘಂಟುಕಾರರನ್ನು ದೂರುವುದು ನ್ಯಾಯವಲ್ಲ. ಅವರ ಮುಂದೆ ಇದ್ದುದು ಶಬ್ದ, ಮೀನಲ್ಲ. ಆದರೆ ಆ ಶಬ್ದವನ್ನು ಮೊದಲು ಆಡಿದವರ ಮುಂದೆ ಇದ್ದುದು ಮೀನೇ. ಅದೂ ಬಲೆಯಲ್ಲಿ ಮಿಡುಕುತ್ತಿದ್ದ, ಮುಳ್ಳಿನಿಂದ ಕೈಯನ್ನು ಚುಚ್ಚುತ್ತಿದ್ದ, ಮಾರಿದರೆ ಇಷ್ಟು ಬೆಲೆ ಬಂದೀತೆಂದು ಎಣಿಸಬಹುದಾಗಿದ್ದ ಮೀನು. ಶಬ್ದವು ಪುಸ್ತಕದಲ್ಲಿ ಉಳಿದು ಅದರ ಅರ್ಥವು ಬಲೆಗಾರನೊಡನೆ ಹೊರಟುಹೋಗುವ ಈ ಪರಿಸ್ಥಿತಿಯು ಭಾಷಾಭ್ಯಾಸಿಗಳಿಗೆ ಎಷ್ಟು ನಷ್ಟವೋ ಜೀವವಿಜ್ಞಾನದ ಅಭ್ಯಾಸಿಗಳಿಗೂ ಅಷ್ಟೇ ನಷ್ಟ.

ಮೀನು ಮೊದಲಾದ ಪ್ರಕೃತಿಯ ವಸ್ತುಗಳಿಗೆ ಜನರಲ್ಲಿ ಹೆಸರುಗಳು ಹೇಗೆ ಹುಟ್ಟುತ್ತವೆ, ಹುಟ್ಟಿದ ಹೆಸರುಗಳು ಹೇಗೆ ಸಂಚರಿಸುತ್ತವೆ, ಅವುಗಳಿಗೆ ಎಷ್ಟರಮಟ್ಟಿನ ಪ್ರಾಮಾಣ್ಯವುಂಟು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲಾಗಿದೆ. ಉದಾಹರಣೆಗಳು ಹೆಚ್ಚಾಗಿ ಕನ್ನಡ ಕರಾವಳಿಯವು ಮತ್ತು ಕಾವೇರಿಯ ಕಡೆಯವು. ಜನರ ಬಾಯಲ್ಲಿರುವ ಹೆಸರನ್ನು ‘ರೂಢನಾಮ’ವೆಂದೂ ವಿಜ್ಞಾನಿಗಳು ಲ್ಯಾಟಿನ್ ಪದ್ಧತಿಯಲ್ಲಿ ಇಟ್ಟ ಹೆಸರನ್ನು ‘ಶಾಸ್ತ್ರನಾಮ’ವೆಂದೂ ಇಲ್ಲಿ ಕರೆಯಲಾಗಿದೆ.

೧. ರೂಢನಾಮ ಮತ್ತು ಶಾಸ್ತ್ರನಾಮ

ಮಲ್ಪೆಯ ಬಂದರಿನಲ್ಲಿ ಬಂಗುಡೆ ಎಂದು ಕರೆಯಿಸಿಕೊಳ್ಳುವ ಮೀನು ಕೊಂಕಣಿಯಲ್ಲಿ ಬಾಂಗ್ಡೊ, ಮರಾಠಿಯಲ್ಲಿ ಬಾಂಗಡಾ. ಅದೇ ಮೀನು ಕಾಸರಗೋಡನ್ನು ದಾಟಿ ತೆಂಕಲಿಗೆ ಹೋದರೆ ಮಲಯಾಳದಲ್ಲಿ ಅಯಲ, ತಮಿಳಿನಲ್ಲಿ ಅಯಿಲೈ; ಮೂಡಣ ಕರಾವಳಿಯ ತೆಲುಗಿನಲ್ಲಿ ಕಾನಗುರ್ತ. ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಕನ್ನಡ, ತುಳು, ಮಲಯಾಳಗಳು ಒಂದೇ ಭಾಷಾವರ್ಗಕ್ಕೆ ಸೇರಿದವು. ಕೊಂಕಣಿ, ಮರಾಠಿಗಳು ಇನ್ನೊಂದಕ್ಕೆ. ಆದರೂ ಬಂಗುಡೆಯ ವಿಷಯದಲ್ಲಿ ಕನ್ನಡ ತುಳುಗಳು ತಮ್ಮ ದಾಯಾದಿಯಾದ ಮಲಯಾಳವನ್ನು ಬಿಟ್ಟು ಕೊಂಕಣಿ ಮರಾಠಿಗಳೊಡನೆ ನಿಂತಿವೆ. ಬೂತಾಯಿಯ ವಿಷಯದಲ್ಲಾದರೆ ಹೀಗಿಲ್ಲ: ತುಳುವಿನಲ್ಲಿ ಬೂತಾಯಿ, ಕೊಂಕಣಿಯಲ್ಲಿ ತಾರ್ಲೊ, ಮಲಯಾಳದಲ್ಲಿ ಮತ್ತಿ ಅಥವಾ ಚಾಳ. ಅಂದಮೇಲೆ ಮೀನಿನ ಹೆಸರು ಭಾಷಾವರ್ಗದ ಗಡಿಯನ್ನು ಅನುಸರಿಸಿ ನಡೆಯುವುದಿಲ್ಲ. ಒಂದೇ ನೀರಿನಲ್ಲಿ ಬಲೆ ಬೀಸುವವರು, ಒಂದೇ ಸಂತೆಗೆ ಬುಟ್ಟಿ ಹೊರುವವರು ಯಾರೋ ಅವರೊಡನೆ ಅದು ನಡೆಯುತ್ತದೆ. ಪ್ರತಿಯೊಂದು ಹೆಸರಿಗೂ ಅದರದೇ ಆದ ಸೀಮೆಯುಂಟು.

ಈ ವೈವಿಧ್ಯವೇ ಶಾಸ್ತ್ರನಾಮಗಳ ಅವಶ್ಯಕತೆಯನ್ನು ತಂದಿತು. ಸ್ವೀಡನ್ನಿನ ಲಿನೇಯಸ್ ೧೭೫೮ರಲ್ಲಿ ಪ್ರಾಣಿಗಳೆಲ್ಲಕ್ಕೂ ಅನ್ವಯಿಸಿದ ದ್ವಿನಾಮ ಪದ್ಧತಿಯಲ್ಲಿ ಪ್ರತಿಯೊಂದು ಪ್ರಭೇದಕ್ಕೂ ಎರಡು ಪದಗಳ ಒಂದೇ ಹೆಸರು. ಮೊದಲನೆಯದು ಕುಲವನ್ನೂ ಎರಡನೆಯದು ಆ ಕುಲದೊಳಗಿನ ಪ್ರಭೇದವನ್ನೂ ತಿಳಿಸುತ್ತದೆ. ಆದರೆ ಸಾಮಾನ್ಯದ ಹೆಸರಿಗೆ ವಿಶೇಷಣವೊಂದನ್ನು ಸೇರಿಸಿ ವಿಶೇಷವನ್ನು ಹೇಳುವ ಈ ಕ್ರಮವು ಲಿನೇಯಸನಿಂದ ಹೊಸದಾಗಿ ಹುಟ್ಟಿದುದಲ್ಲ. ಜನರ ಭಾಷೆಯಲ್ಲಿ ಅದು ಎಂದಿನಿಂದಲೂ ಇದೆ. ಲೋಕದ ಅನೇಕ ಜನಾಂಗಗಳ ನಾಮಕರಣವನ್ನು ತುಲನೆ ಮಾಡಿ ೧೯೭೦ರ ದಶಕದಿಂದೀಚೆಗೆ ಬರೆದ ಅಮೆರಿಕದ ವಿದ್ವಾಂಸ ಬ್ರೆಂಟ್ ಬರ್ಲಿನ್ ಅವರು ಈ ಎರಡು ಮಟ್ಟದ ರಚನೆಯು ಬಹುಮಟ್ಟಿಗೆ ಸಾರ್ವತ್ರಿಕವೆಂದು ತೋರಿಸಿಕೊಟ್ಟರು. ನಮ್ಮಲ್ಲಿ ‘ಗೆಂಡೆ’ ಎಂಬುದು ಸಾಮಾನ್ಯ. ‘ಹುಲ್ಲುಗೆಂಡೆ’, ‘ಬೆಳ್ಳಿಗೆಂಡೆ’ ಎಂಬವು ವಿಶೇಷ. ಲ್ಯಾಟಿನ್ನಿನಲ್ಲಿ ಕುಲನಾಮವು ಮೊದಲು ಬಂದರೆ ಕನ್ನಡದ ಸಮಾಸದಲ್ಲಿ ವಿಶೇಷಣವೇ ಮೊದಲು ಬರುತ್ತದೆ, ಭೇದವಿರುವುದು ಇಷ್ಟೇ.

ನಿಜವಾದ ವ್ಯತ್ಯಾಸವು ಅಧಿಕಾರದ ವಿಷಯದಲ್ಲಿದೆ. ಶಾಸ್ತ್ರನಾಮಕ್ಕೆ ಲಿಖಿತ ನಿಯಮಗಳುಂಟು, ಮೊದಲು ಪ್ರಕಟವಾದ ಹೆಸರಿಗೆ ಪ್ರಾಶಸ್ತ್ಯವುಂಟು, ಸಾಕ್ಷಿಯಾಗಿ ಸಂಗ್ರಹಾಲಯದಲ್ಲಿ ಇಟ್ಟ ಮಾದರಿಯುಂಟು. ರೂಢನಾಮಕ್ಕೆ ಬಳಕೆಯೊಂದೇ ಪ್ರಮಾಣ.

೨. ಹೆಸರು ಹುಟ್ಟುವ ಬಗೆ

ಹೆಸರಿಡುವವನು ವಸ್ತುವಿನ ಗುಣಗಳನ್ನೆಲ್ಲ ಎಣಿಸಿ ನೋಡಿ ಹೆಸರಿಡುವುದಿಲ್ಲ. ತನಗೂ ಅದಕ್ಕೂ ಇರುವ ಸಂಬಂಧದಲ್ಲಿ ಯಾವ ಗುಣವು ಎದ್ದು ಕಾಣುತ್ತದೆಯೋ ಅದನ್ನು ಹಿಡಿದು ಹೆಸರಿಡುತ್ತಾನೆ. ಕೆರೆಗಳ ಕೆಸರಿನಲ್ಲಿ ವಾಸಿಸುವ, ಎದೆಯ ಈಜುರೆಕ್ಕೆಯಲ್ಲಿ ವಿಷದ ಮುಳ್ಳುಳ್ಳ ಒಂದು ಮೀನಿಗೆ ಕನ್ನಡದಲ್ಲಿ ‘ಚೇಳುಮೀನು’ ಎಂದು ಹೆಸರು. ರೂಪದಲ್ಲಿ ಅದಕ್ಕೂ ಚೇಳಿಗೂ ಹೋಲಿಕೆಯಿಲ್ಲ; ಹೋಲಿಕೆಯಿರುವುದು ಕುಟುಕಿದಾಗಿನ ನೋವಿನಲ್ಲಿ. ಇಲ್ಲಿ ಹೆಸರೆಂಬುದು ವರ್ಣನೆಯಲ್ಲ, ಎಚ್ಚರಿಕೆ. ಕೆರೆಯಲ್ಲಿ ಕೈಯಾಡಿಸುವ ಮಗುವಿಗೆ ಹಿರಿಯರು ಕೊಡಬೇಕಾದ ಉಪದೇಶವೆಲ್ಲವೂ ಆ ಒಂದು ಪದದಲ್ಲಿ ಅಡಗಿದೆ.

ಹೋಲಿಕೆಯಿಂದ ಹುಟ್ಟಿದ ಹೆಸರುಗಳಲ್ಲಿಯೂ ಒಂದೊಂದು ಭಾಷೆಯ ಕಣ್ಣು ಒಂದೊಂದು ಅಂಗದ ಮೇಲೆ ಬೀಳುತ್ತದೆ. ಕನ್ನಡಿಗರು ‘ಹಾವುಮೀನು’ ಎನ್ನುವಾಗ ಮೈಯ ನೀಳತೆಯನ್ನು ನೋಡಿದ್ದಾರೆ. ಇಂಗ್ಲಿಷರು ‘ಹಾವುತಲೆ’ ಎಂದು ಕರೆಯುವುದು ಬೇರೊಂದು ಮೀನನ್ನು. ಅದು ನಮ್ಮ ಕೊರವ ಮೀನು. ಅವರು ನೋಡಿದುದು ತಲೆಯ ಮೇಲಿನ ದೊಡ್ಡ ಹುರುಪೆಗಳನ್ನು. ತುಳುವಿನಲ್ಲಿ ನಂಗ್, ಕೊಂಕಣಿಯಲ್ಲಿ ಲೆಪೊ ಎಂದು ಕರೆಯುವ ಚಪ್ಪಟೆ ಮೀನಿನ ವರ್ಗಕ್ಕೆ ಇಂಗ್ಲಿಷಿನಲ್ಲಿ ‘ಸೋಲ್’ ಎಂದು ಹೆಸರು. ಅದು ಪಾದರಕ್ಷೆಯ ಅಟ್ಟೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು.

ಉಪಯೋಗವೂ ಹೆಸರಾಗುವುದುಂಟು. ಬೂತಾಯಿಗೆ ಇಂಗ್ಲಿಷಿನಲ್ಲಿ ‘ಎಣ್ಣೆಯ ಸಾರ್ಡೀನ್’ ಎಂಬ ಹೆಸರು ಬಂದುದು ಅದರಿಂದ ತೆಗೆಯುತ್ತಿದ್ದ ಎಣ್ಣೆಯ ದೆಸೆಯಿಂದ. ದೋಣಿಯ ಹಲಗೆಗಳಿಗೆ ಬಳಿಯುವುದಕ್ಕೆ ಆ ಎಣ್ಣೆಯೂ ತೋಟಗಳಿಗೆ ಗೊಬ್ಬರವಾಗಿ ಅದರ ಹಿಂಡಿಯೂ ಬಳಕೆಯಾಗುತ್ತಿದ್ದುವು. ಬೂತಾಯಿಯನ್ನು ಊಟದ ಎಲೆಯಲ್ಲಿ ಕಂಡವರ ಹೆಸರಲ್ಲ ಅದು. ವ್ಯಾಪಾರದ ಪೀಪಾಯಿಯಲ್ಲಿ ಕಂಡವರ ಹೆಸರು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವಾಲಯದ ಆಶ್ರಯದಲ್ಲಿರುವ ಮೀನುಗಳನ್ನು ಜನರು ‘ದೇವರ ಮೀನು’ ಎನ್ನುತ್ತಾರೆ. ಈ ಹೆಸರು ಯಾವ ಪ್ರಭೇದವನ್ನೂ ಸೂಚಿಸುವುದಿಲ್ಲ. ‘ಇದನ್ನು ಹಿಡಿಯಬಾರದು’ ಎಂಬ ವಿಧಿಯನ್ನು ಸೂಚಿಸುತ್ತದೆ. ಹಲವು ಕಾಯಿದೆಗಳಿಗಿಂತ ಈ ಹೆಸರೇ ಆ ಮಡುಗಳನ್ನು ಹೆಚ್ಚು ಕಾಲ ಕಾಪಾಡಿದೆ.

ಹಕ್ಕಿಗಳ ಹೆಸರಿನಲ್ಲಿ ದನಿಗೆ ಪ್ರಾಧಾನ್ಯ. ಕಾಗೆ, ಟಿಟ್ಟಿಭ ಎಂಬವು ಅನುಕರಣ ಶಬ್ದಗಳು. ಮರಕುಟಿಗ ಎಂಬುದು ಕ್ರಿಯೆಯಿಂದ ಬಂದುದು. ಮೀನು ಮೂಕಪ್ರಾಣಿಯೆಂದು ಪ್ರಸಿದ್ಧವಾದ್ದರಿಂದ ಅದರ ಹೆಸರುಗಳು ಕಣ್ಣು ಕೈಗಳ ಅನುಭವದಿಂದಲೇ ಹೆಚ್ಚಾಗಿ ಹುಟ್ಟಿವೆ.

೩. ಹೊಸ ವಸ್ತು, ಹಳೆಯ ಹೆಸರು

ಹೊರಗಿನಿಂದ ಬಂದ ವಸ್ತುವಿಗೆ ಭಾಷೆಯು ಹೆಸರು ಹುಡುಕುವ ರೀತಿಯು ವಿಶೇಷವಾಗಿ ವಿಚಾರಾರ್ಹವಾಗಿದೆ. ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಅಮೆರಿಕದ ಮೆಣಸಿನಕಾಯಿಯು ನಮ್ಮ ನಾಡಿಗೆ ಬಂದಾಗ, ಖಾರದ ಸಾಮ್ಯದಿಂದ ನಮ್ಮದೇ ಆದ ಮೆಣಸಿನ ಹೆಸರು ಅದಕ್ಕೆ ಸಂದಿತು. ಕಾಲಕ್ರಮದಲ್ಲಿ ಹೊಸತು ಹಳೆಯದನ್ನು ಮೀರಿ ಬೆಳೆಯಲು, ಹಳೆಯದಕ್ಕೇ ವಿಶೇಷಣ ಬೇಕಾಯಿತು: ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು. ತುಳುವಿನ ‘ಎಡ್ಡೆಮುಂಚಿ’, ಮಲಯಾಳದ ‘ನಲ್ಲಮುಳಗು’ ಎಂಬವು ಇದೇ ಅರ್ಥದವು. ಮನೆಯ ಯಜಮಾನನೇ ತನ್ನ ಗುರುತು ಹೇಳಿಕೊಂಡು ಒಳಗೆ ಬರಬೇಕಾದಂತೆ ಆಯಿತು. ಗೇರು ಎಂಬ ಪದದ ಕಥೆಯೂ ಇಂಥದೇ. ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕಾಯಿಯ ಮರವು ಮೂಲತಃ ಗೇರು. ಈಗ ಅದು ‘ಕರಿಗೇರು’. ಅಮೆರಿಕದಿಂದ ಬಂದ ಇನ್ನೊಂದು ಮರಕ್ಕೆ ಜನರು ಆ ಹೆಸರನ್ನು ಕೊಟ್ಟುದು ಸುಮ್ಮನೆ ಅಲ್ಲ. ಎರಡರಲ್ಲಿಯೂ ತಿರುಳುಳ್ಳ ಭಾಗದ ತುದಿಯಲ್ಲಿ ಬೀಜ ನಿಲ್ಲುತ್ತದೆ, ಎರಡರ ಸಿಪ್ಪೆಯ ಎಣ್ಣೆಯೂ ಚರ್ಮವನ್ನು ಸುಡುತ್ತದೆ. ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಒಂದೇ ಕುಟುಂಬದಲ್ಲಿ ಇಟ್ಟಿದ್ದಾರೆ. ಜನರ ಕಣ್ಣು ಶಾಸ್ತ್ರದ ತೀರ್ಮಾನವನ್ನು ತಾನಾಗಿಯೇ ಮುಟ್ಟಿದ ನಿದರ್ಶನವಿದು.

ಆದುದರಿಂದ ಹೆಸರು ದೇಶೀಯವಾಗಿದೆಯೆಂದ ಮಾತ್ರಕ್ಕೆ ವಸ್ತುವೂ ದೇಶೀಯವೆಂದು ತಿಳಿಯಲಾಗದು. ‘ಮುಟ್ಟಿದರೆ ಮುನಿ’ ಎಂಬ ಅಚ್ಚಗನ್ನಡ ಹೆಸರಿನ ಗಿಡವೂ ಸೀತೆಯ ಹೆಸರನ್ನು ಹೊತ್ತ ಸೀತಾಫಲವೂ ಅಮೆರಿಕದಿಂದ ಬಂದವು. ‘ಪರಂಗಿ’, ‘ಸೀಮೆ’ ಎಂಬ ಗುರುತನ್ನು ಹೊತ್ತವು ಮಾತ್ರ ತಮ್ಮ ಮೂಲವನ್ನು ಮರೆಮಾಚಿಲ್ಲ.

ಮೀನಿನ ಲೋಕದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಜಿಲೇಬಿ ಮೀನು. ಆಫ್ರಿಕದ ತಿಲಾಪಿಯವನ್ನು ಸಿಂಹಳದಿಂದ ೧೯೫೨ರಲ್ಲಿ ಭಾರತಕ್ಕೆ ತರಲಾಯಿತು. ಅದು ಕೆರೆಗಳಲ್ಲಿ ಅಂಕೆಯಿಲ್ಲದೆ ಹೆಚ್ಚಿ ಮಾರುಕಟ್ಟೆಗೆ ಬಂದಾಗ, ಕನ್ನಡ ತಮಿಳುಗಳೆರಡರಲ್ಲಿಯೂ ಅದರ ಹೆಸರು ‘ಜಿಲೇಬಿ’ ಎಂದು ತಿರುಗಿತು. ಧ್ವನಿಸಾಮ್ಯವೇ ಇದಕ್ಕೆ ಕಾರಣವೆಂದು ತೋರುತ್ತದೆ. ಇನ್ನೂ ಸ್ವಾರಸ್ಯವೆಂದರೆ, ೧೮೪೦ರಲ್ಲಿ ಆಂಡ್ರೂ ಸ್ಮಿತ್ ಅವರು ರಚಿಸಿದ ‘ತಿಲಾಪಿಯ’ ಎಂಬ ಕುಲನಾಮವು ದಕ್ಷಿಣ ಆಫ್ರಿಕದ ತ್ಸ್ವಾನ ಭಾಷೆಯಲ್ಲಿ ‘ಮೀನು’ ಎಂಬ ಅರ್ಥದ ಪದದಿಂದ ಬಂದುದು. ಒಂದು ಜನರ ‘ಮೀನು’ ಲ್ಯಾಟಿನ್ನಿನಲ್ಲಿ ಒಂದು ಕುಲವಾಗಿ, ಕನ್ನಡದಲ್ಲಿ ಸಿಹಿತಿಂಡಿಯಾಗಿ ಪರಿಣಮಿಸಿತು. ಇಷ್ಟರಲ್ಲಿ ವಿಜ್ಞಾನಿಗಳು ಈ ಮೀನನ್ನು ಆ ಕುಲದಿಂದ ತೆಗೆದು ಓರಿಯೋಕ್ರೋಮಿಸ್ ಎಂಬ ಬೇರೊಂದು ಕುಲಕ್ಕೆ ಸೇರಿಸಿದ್ದಾರೆ. ಶಾಸ್ತ್ರನಾಮವು ಬದಲಾಯಿತು, ರೂಢನಾಮವು ನಿಂತಿತು.

ಕಾಟ್ಲಾ, ರೋಹು, ಮೃಗಾಲ ಎಂಬವು ಗಂಗಾನದಿಯ ಕಡೆಯ ಹೆಸರುಗಳು. ನಮ್ಮ ಕೆರೆ ಜಲಾಶಯಗಳಿಗೆ ಮರಿಗಳೊಡನೆಯೇ ಬಂದು ನೆಲಸಿದವು. ಸರಕಾರಿ ಇಲಾಖೆಯೇ ಇಲ್ಲಿ ಹೆಸರಿನ ವಾಹಕ. ಪಾಶ್ಚಾತ್ಯರಾದರೋ ತಮ್ಮ ಊರಿನ ನೆನಪಿನಿಂದ ನಮ್ಮ ಕಡಲಿಗೆ ಹೆಸರಿಟ್ಟರು. ‘ಭಾರತದ ಸಾಲ್ಮನ್’ ಎಂದು ಅವರು ಕರೆದ ರಾವಸ ಮೀನು ಸಾಲ್ಮನ್ ಜಾತಿಗೆ ಸೇರಿದುದೇ ಅಲ್ಲ. ನಮ್ಮ ಅಂಜಲ್‌ಗೆ ಅವರಿಟ್ಟ ‘ಸೀರ್’ ಎಂಬ ಹೆಸರು ಗರಗಸವೆಂಬ ಅರ್ಥದ ಪೋರ್ಚುಗೀಸ್ ‘ಸೆರ್ರ’ದಿಂದಲೂ ಮಾಂಜಿಗೆ ಇಟ್ಟ ‘ಪಾಂಫ್ರೆಟ್’ ಎಂಬುದು ಪೋರ್ಚುಗೀಸ್ ‘ಪಾಂಪೊ’ದಿಂದಲೂ ಬಂದವು.

ವ್ಯಾಪಾರಿಗಳು ಬೇಕೆಂದೇ ಹೆಸರು ಕಟ್ಟುವುದೂ ಉಂಟು. ದಕ್ಷಿಣ ಸಮುದ್ರದ ತಣ್ಣೀರಿನ ‘ಹಲ್ಲುಮೀನ’ನ್ನು ಅಮೆರಿಕದಲ್ಲಿ ಆ ಹೆಸರಿನಿಂದ ಯಾರೂ ಕೊಳ್ಳಲಾರರೆಂದು ಕಂಡ ಒಬ್ಬ ವ್ಯಾಪಾರಿಯು ೧೯೭೭ರಲ್ಲಿ ಅದಕ್ಕೆ ‘ಚಿಲಿಯ ಕಡಲ ಬಾಸ್’ ಎಂದು ಹೆಸರಿಟ್ಟನು. ಅದು ಬಾಸ್ ಜಾತಿಯ ಮೀನಲ್ಲ. ಆದರೂ ೧೯೯೪ರಲ್ಲಿ ಅಲ್ಲಿನ ಸರಕಾರವು ಆ ಮಾರಾಟದ ಹೆಸರನ್ನು ಮಾನ್ಯ ಮಾಡಿತು. ಮೀನು ಎಷ್ಟು ಬೇಡಿಕೆಗೆ ಬಂದಿತೆಂದರೆ ಮುಂದೆ ಅದರ ಉಳಿವೇ ಚಿಂತೆಯ ವಿಷಯವಾಯಿತು.

೪. ನಿರುಕ್ತಿಯ ಅಪಾಯಗಳು

ಹೆಸರಿಗೆ ಅರ್ಥ ಹಚ್ಚುವ ಕೆಲಸದಲ್ಲಿ ಎಚ್ಚರ ಬೇಕು. ‘ಬಾಂಬೆ ಡಕ್’ ಎಂದು ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ಬೊಂಬಿಲ್ ಮೀನನ್ನು ಕುರಿತು ಒಂದು ಕಥೆ ಪ್ರಚಾರದಲ್ಲಿದೆ: ಒಣಗಿಸಿದ ಈ ಮೀನನ್ನು ಮುಂಬಯಿಯ ಟಪಾಲು ರೈಲಿನಲ್ಲಿ ಸಾಗಿಸುತ್ತಿದ್ದರಂತೆ, ಟಪಾಲಿಗೆ ‘ಡಾಕ್’ ಎನ್ನುವುದರಿಂದ ಮೀನಿಗೂ ಅದೇ ಹೆಸರು ಬಂದಿತಂತೆ. ಕಥೆ ಚೆನ್ನಾಗಿದೆ. ಆದರೆ ಮುಂಬಯಿಯಲ್ಲಿ ರೈಲು ಓಡತೊಡಗಿದುದು ೧೮೫೩ರಲ್ಲಿ. ಆ ಹೆಸರಾದರೋ ೧೮೨೯ರಷ್ಟು ಹಿಂದೆಯೇ ಅಚ್ಚಿನಲ್ಲಿ ಕಾಣಿಸಿಕೊಂಡಿದೆ. ಕಾಲದ ಲೆಕ್ಕವೊಂದೇ ಕಥೆಯನ್ನು ತಳ್ಳಿಹಾಕಲು ಸಾಕು.

ನಮ್ಮ ಕಾಣೆ ಮೀನಿನ ವಿಷಯವನ್ನು ನೋಡೋಣ. ಅಪಾಯ ಕಂಡೊಡನೆ ಮರಳಿನಲ್ಲಿ ಹುದುಗಿಕೊಳ್ಳುವು ಈ ಮೀನಿನ ಸ್ವಭಾವ. ಕಣ್ಣಿಗೆ ‘ಕಾಣೆ’ಯಾಗುವುದರಿಂದಲೇ ಈ ಹೆಸರೆಂದು ಹೇಳಲು ಯಾರಿಗಾದರೂ ಆಸೆಯಾಗದಿರದು. ಆದರೆ ಈ ಹೆಸರು ತುಳುವಿನಲ್ಲಿಯೂ ಬೇರುಬಿಟ್ಟಿದೆ. ಕನ್ನಡದ ‘ಕಾಣು’ ಎಂಬುದರ ಕೆಲಸವನ್ನು ತುಳುವಿನಲ್ಲಿ ‘ತೂ’, ‘ತೋಜು’ ಎಂಬ ಧಾತುಗಳು ಮಾಡುತ್ತವೆ. ಹೆಸರು ಮೊದಲು ಯಾವ ಭಾಷೆಯಲ್ಲಿ ಹುಟ್ಟಿತೆಂಬುದನ್ನು ಸ್ಥಾಪಿಸದೆ ಇಂಥ ನಿರುಕ್ತಿಯನ್ನು ಒಪ್ಪುವುದು ಸರಿಯಲ್ಲ.

ಬಾಳೆಮೀನಿನ ಹೆಸರು ಇದಕ್ಕಿಂತ ಬೋಧಪ್ರದವಾದುದು. ಹೊಳೆ ಕೆರೆಗಳಲ್ಲಿ ಸಿಕ್ಕುವ, ಹುರುಪೆಯಿಲ್ಲದ, ನೀಳವಾಗಿ ಎರಡು ಪಕ್ಕ ಒತ್ತಿದಂತಿರುವ ಈ ದೊಡ್ಡ ಮೀನನ್ನು ನೋಡಿದವರಿಗೆ ಬಾಳೆಯ ಎಲೆಯೋ ದಿಂಡೋ ನೆನಪಾಗುವುದು ಸಹಜ. ಆದರೆ ಸೋದರಭಾಷೆಗಳು ಬೇರೆಯದನ್ನೇ ಹೇಳುತ್ತವೆ. ತಮಿಳಿನಲ್ಲಿ ಬಾಳೆಯ ಗಿಡವು ‘ವಾೞೈ’, ಮೀನು ‘ವಾಳೈ’. ಎರಡರಲ್ಲಿರುವ ವ್ಯಂಜನಗಳು ಬೇರೆ ಬೇರೆ. ಹಳಗನ್ನಡದಲ್ಲಿಯೂ ಗಿಡದ ಹೆಸರಿನಲ್ಲಿ ಇದ್ದುದು ರೞವೇ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ರೞ ಕುಳಗಳ ಭೇದವನ್ನು ವಿವರಿಸಬೇಕಾಗಿ ಬಂದುದೇ ಆ ವೇಳೆಗೆ ಭೇದವು ಅಳಿಯುತ್ತಿತ್ತೆಂಬುದಕ್ಕೆ ಸಾಕ್ಷಿ. ರೞವು ಹೋದ ಮೇಲೆ ಗಿಡವೂ ಮೀನೂ ಕನ್ನಡದಲ್ಲಿ ಒಂದೇ ಉಚ್ಚಾರಣೆಯ ‘ಬಾಳೆ’ಯಾದವು. ತಮಿಳಿನ ಪದಾದಿ ವಕಾರಕ್ಕೆ ಕನ್ನಡದಲ್ಲಿ ಬಕಾರವು ಬರುವುದು ‘ವಿಲ್–ಬಿಲ್’, ‘ವಾಯ್–ಬಾಯ್’ ಎಂಬಂತೆ ನಿಯತವಾದುದು. ಹೀಗೆ ನೋಡಿದರೆ ಮೀನಿನ ಹೆಸರಿಗೆ ಖಡ್ಗವೆಂಬ ಅರ್ಥದ ‘ಬಾಳ್’ (ತಮಿಳಿನ ‘ವಾಳ್’) ಎಂಬುದರ ಸಂಬಂಧವನ್ನು ಊಹಿಸಲು ಹೆಚ್ಚು ಅವಕಾಶವಿದೆ. ತಮಿಳಿನಲ್ಲಿ ಇದೇ ಹೆಸರು ಕಡಲಿನ ಪಟ್ಟಿಯಂಥ ಮೀನಿಗೂ ಸಲ್ಲುತ್ತದೆ. ಇಂಗ್ಲಿಷರೂ ಆ ಮೀನನ್ನು ಕತ್ತಿಗೆ ಮತ್ತು ಕತ್ತಿಯ ಒರೆಗೆ ಹೋಲಿಸಿ ಕರೆದಿದ್ದಾರೆ. ಒಂದು ಅಕ್ಷರದ ಲೋಪದಿಂದ ಖಡ್ಗವು ಬಾಳೆಯ ಎಲೆಯಾಗಿ ಕಾಣುವಂತಾಯಿತು.

೫. ಶಾಸ್ತ್ರದೊಳಗೆ ಸೇರಿದ ರೂಢನಾಮಗಳು

ಜನರ ಹೆಸರುಗಳನ್ನು ಬರೆದಿಡುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಅನೇಕ ಮೀನುಗಳ ಹೆಸರುಗಳೂ ಹುರುಪೆಯುಳ್ಳವು, ಇಲ್ಲದವು ಎಂಬ ವಿಭಾಗವೂ ಕಂಡುಬರುತ್ತವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣವನ್ನು ಪರಿಶೀಲಿಸಿ ಆ ಮೀನುಗಳನ್ನು ಗುರುತಿಸಲು ಯತ್ನಿಸಿದರು. ಹೆಸರಿದ್ದು ಮಾದರಿಯಿಲ್ಲದಿರುವಲ್ಲಿ ಇಂಥ ಪ್ರಯತ್ನವು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾದುದಿಲ್ಲ.

ಹೆಸರನ್ನೂ ಮೀನನ್ನೂ ಜೊತೆಯಾಗಿ ದಾಖಲಿಸುವ ಕ್ರಮವು ಕಂಪನಿ ಸರಕಾರದ ಕಾಲದ ವೈದ್ಯರಿಂದ ಆರಂಭವಾಯಿತು. ಪ್ಯಾಟ್ರಿಕ್ ರಸೆಲ್ ಅವರು ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ ಇನ್ನೂರು ಮೀನುಗಳ ಚಿತ್ರ ಮತ್ತು ವರ್ಣನೆಗಳು ೧೮೦೩ರಲ್ಲಿ ಪ್ರಕಟವಾದವು. ಅವುಗಳೊಡನೆ ಸ್ಥಳೀಯರು ಹೇಳಿದ ಹೆಸರುಗಳೂ ಇದ್ದುವು. ಆ ಗ್ರಂಥವನ್ನು ಆಧರಿಸಿ ಫ್ರಾನ್ಸಿನ ಕುವಿಯೇ ಅವರು ೧೮೧೬ರಲ್ಲಿ ಬಂಗುಡೆಗೆ ‘ಕನಗುರ್ತ’ ಎಂಬ ಪ್ರಭೇದನಾಮವನ್ನು ಇಟ್ಟರು. ಇಂದಿಗೂ ಲೋಕದ ವಿಜ್ಞಾನಿಗಳೆಲ್ಲರೂ ನಮ್ಮ ಬಂಗುಡೆಯನ್ನು ರಾಸ್ಟ್ರೆಲಿಜರ್ ಕನಗುರ್ತ ಎಂದು ತೆಲುಗು ಬೆಸ್ತರ ಮಾತಿನಲ್ಲಿಯೇ ಕರೆಯಬೇಕಾಗಿದೆ. ಮೇಲೆ ಹೇಳಿದ ಬಾಳೆಮೀನಿನ ಶಾಸ್ತ್ರನಾಮವು ವಲ್ಲಾಗೊ ಅಟ್ಟು. ಮೊದಲನೆಯ ಪದವು ತೆಲುಗಿನ ‘ವಾಲುಗ’. ಎರಡನೆಯದು ಮಲಯಾಳದ ‘ಆಟ್ಟುವಾಳ’, ಎಂದರೆ ಹೊಳೆಯ ಬಾಳೆ, ಎಂಬುದರ ಪೂರ್ವಪದ. ಲ್ಯಾಟಿನ್ನಿನ ವೇಷದಲ್ಲಿ ಇಲ್ಲಿ ಕುಳಿತಿರುವುದು ದ್ರಾವಿಡ ಭಾಷೆಗಳ ಎರಡು ಮಾತುಗಳೇ ಹೊರತು ಬೇರೆಯಲ್ಲ.

೧೮೦೦–೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ ಪ್ರವಾಸಗ್ರಂಥವನ್ನು ಬರೆದ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ ೧೮೨೨ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿದಾಗ ರೋಹಿತ, ಕಾಟ್ಲಾ, ಮೃಗಾಲ, ಇಲಿಶ, ಮಾಗುರ್ ಮೊದಲಾದ ಜನರ ಹೆಸರುಗಳನ್ನೇ ಶಾಸ್ತ್ರನಾಮಗಳಾಗಿ ಸ್ವೀಕರಿಸಿದರು. ಫ್ರಾನ್ಸಿಸ್ ಡೇ ಅವರು ೧೮೭೫ರಿಂದ ೧೮೭೮ರವರೆಗೆ ಹೊರತಂದ ಭಾರತದ ಮೀನುಗಳ ಮಹಾಗ್ರಂಥದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಹೆಸರುಗಳನ್ನು ಕೊಟ್ಟಿದ್ದಾರೆ. ಈ ವಿದ್ವಾಂಸರಿಗೆ ಮೀನನ್ನು ಹಿಡಿದು ತಂದು ಹೆಸರು ಹೇಳಿದವರ ಹೆಸರುಗಳು ಮಾತ್ರ ಎಲ್ಲಿಯೂ ದಾಖಲಾಗಿಲ್ಲವೆಂದೇ ಹೇಳಬೇಕು.

೬. ಒಂದು ಹೆಸರು, ಎರಡು ಮೀನು

ಇದುವರೆಗಿನ ಚರ್ಚೆಯು ಕೇವಲ ಶಬ್ದಕುತೂಹಲವೆಂದು ವಾಚಕರಿಗೆ ತೋರಬಹುದು. ಹಾಗಲ್ಲವೆಂಬುದಕ್ಕೆ ಕಾವೇರಿಯ ಮಹಸೀರ್ ಮೀನಿನ ವೃತ್ತಾಂತವೇ ಪ್ರಮಾಣ.

ಮಹಸೀರ್ ಎಂಬ ಹೆಸರಿಗೆ ‘ಮಹಾಶಿರ’ವೆಂದೂ, ಪಾರಸಿಯ ‘ಮಾಹೀ’ (ಮೀನು) ಮತ್ತು ‘ಶೇರ್’ (ಸಿಂಹ) ಎಂಬವುಗಳ ಸಮಾಸವೆಂದೂ ಬೇರೆ ಬೇರೆ ನಿರುಕ್ತಿಗಳುಂಟು. ಕನ್ನಡದಲ್ಲಿ ಬಿಳಿಮೀನು ಎಂಬ ಹೆಸರೂ ಬಳಕೆಯಲ್ಲಿದೆ. ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಮಾತ್ರ ವಾಸಿಸುವ, ಬೆನ್ನಿನಲ್ಲಿ ಗೂನುಳ್ಳ, ಕಿತ್ತಳೆ ಬಣ್ಣದ ಈಜುರೆಕ್ಕೆಗಳ ಒಂದು ಮಹಸೀರ್ ಇದೆ. ಅದರ ಕುಲದಲ್ಲಿಯೇ ಅತಿ ದೊಡ್ಡದೆಂದು ಗಾಳಗಾರರಲ್ಲಿ ಅದಕ್ಕೆ ಖ್ಯಾತಿ. ೧೯೪೬ರಲ್ಲಿ ಕಬಿನಿಯಲ್ಲಿ ಹಿಡಿದ ಒಂದು ಮೀನು ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋಗ್ರಾಂ ತೂಗಿತು. ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ‘ಗೂನುಬೆನ್ನಿನ ಮಹಸೀರ್’ ಎಂಬ ರೂಢನಾಮದಿಂದ ಲೋಕಪ್ರಸಿದ್ಧವಾಗಿದ್ದ ಈ ಮೀನಿಗೆ ಸರಿಯಾದ ಶಾಸ್ತ್ರನಾಮವೇ ಇರಲಿಲ್ಲ. ೧೮೩೯ರಲ್ಲಿ ಸೈಕ್ಸ್ ಅವರು ದಖ್ಖನಿನ ಮೀನುಗಳಿಗೆ ಅಲ್ಲಿಯ ಜನರ ಮಾತಿನಿಂದ ತೆಗೆದು ‘ಖುದ್ರೀ’, ‘ಮುಸ್ಸುಲ್ಲಾ’ ಎಂಬ ಹೆಸರುಗಳನ್ನು ಇಟ್ಟಿದ್ದರು. ಇವುಗಳಲ್ಲಿ ಎರಡನೆಯದನ್ನು ಕಾವೇರಿಯ ಮೀನಿಗೆ ಬಹುಕಾಲ ಹೊರಿಸಲಾಗಿತ್ತು. ಸೈಕ್ಸರ ‘ಮುಸ್ಸುಲ್ಲಾ’ ಮಹಸೀರ್ ಕುಲದ್ದೇ ಅಲ್ಲವೆಂದು ಅನಂತರ ಸಿದ್ಧವಾಯಿತು.

ಈ ನಡುವೆ ಒಂದು ಅನರ್ಥ ಸಂಭವಿಸಿತು. ಮಹಸೀರ್ ಸಂತತಿ ಕ್ಷೀಣಿಸುತ್ತಿರುವುದನ್ನು ಕಂಡು, ಮಹಾರಾಷ್ಟ್ರದ ಲೋಣಾವಳದಲ್ಲಿ ೧೯೭೦ರ ದಶಕದಿಂದ ಖುದ್ರೀ ಮಹಸೀರಿನ ಮರಿಗಳನ್ನು ಬೆಳೆಸಿ ದೇಶದ ಅನೇಕ ನದಿಗಳಿಗೆ ಬಿಡಲಾಯಿತು. ಕಾವೇರಿಗೂ ಅವು ಬಂದವು. ಉದ್ದೇಶ ಒಳ್ಳೆಯದೇ. ಆದರೆ ನೀಲಿಛಾಯೆಯ ಈಜುರೆಕ್ಕೆಗಳ ಖುದ್ರೀಯೂ ಕಾವೇರಿಯ ಗೂನುಬೆನ್ನಿನ ಮೀನೂ ಬೇರೆ ಬೇರೆ. ಎರಡಕ್ಕೂ ‘ಮಹಸೀರ್’ ಎಂಬ ಒಂದೇ ಹೆಸರು ಇದ್ದುದರಿಂದ, ಒಂದನ್ನು ತಂದು ಬಿಟ್ಟರೆ ಇನ್ನೊಂದನ್ನು ಉಳಿಸಿದಂತೆಯೇ ಎಂಬ ಭಾವನೆ ಸುಲಭವಾಗಿ ನೆಲಸಿತು. ಕಾವೇರಿಯ ಗಾಳಗಾರರ ಬಿಡಾರವೊಂದರಲ್ಲಿ ೧೯೯೮ರಿಂದ ೨೦೧೨ರವರೆಗೆ ಇಟ್ಟಿದ್ದ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ನೀಲಿ ರೆಕ್ಕೆಯವು ಹೆಚ್ಚುತ್ತ ಬಂದುದೂ ಗೂನುಬೆನ್ನಿನವು ಕುಸಿಯುತ್ತ ಹೋದುದೂ ಕಂಡುಬಂದಿತು. ಮಹಸೀರ್ ಹೇರಳವಾಗಿದೆಯೆಂಬ ಮಾತು ನಿಜವಾಗಿದ್ದಾಗಲೇ ಕಾವೇರಿಯ ಮಹಸೀರ್ ಕಣ್ಮರೆಯಾಗುತ್ತಿತ್ತು.

೨೦೧೮ರಲ್ಲಿ ವಿಜ್ಞಾನಿಗಳ ಒಂದು ತಂಡವು ಮೋಯಾರ್ ನದಿಯ ಮೀನುಗಳನ್ನು ಪರೀಕ್ಷಿಸಿ, ಕೇರಳದ ಪಾಂಬಾರ್ ನದಿಯಿಂದ ಕೆಲವೇ ವರ್ಷಗಳ ಹಿಂದೆ ವರ್ಣಿತವಾಗಿದ್ದ ಟಾರ್ ರೆಮದೇವಿಯೈ ಎಂಬುದೂ ಗೂನುಬೆನ್ನಿನ ಮಹಸೀರೂ ಒಂದೇ ಎಂದು ತೀರ್ಮಾನಿಸಿತು. ಶಾಸ್ತ್ರನಾಮವು ನಿಶ್ಚಯವಾದ ಆ ವರ್ಷವೇ ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ಅತ್ಯಂತ ಗಂಡಾಂತರಕ್ಕೊಳಗಾದುದು’ ಎಂದು ಸೇರಿತು. ಹೆಸರಿಲ್ಲದ ಮೀನಿಗೆ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ಸ್ಥಳವಿಲ್ಲದುದರಿಂದ ರಕ್ಷಣೆಗೆ ಆಧಾರವೂ ಇರಲಿಲ್ಲ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಸಾಮಾನ್ಯನಾಮವೊಂದು ಹಲವು ಮೀನುಗಳನ್ನು ಮುಚ್ಚಿಕೊಂಡಾಗ ಅದರಿಂದ ಹಾನಿಯುಂಟು. ಆದರೆ ‘ಗೂನುಬೆನ್ನು’, ‘ಕಿತ್ತಳೆ ರೆಕ್ಕೆ’, ‘ನೀಲಿ ರೆಕ್ಕೆ’ ಎಂಬ ವಿಶೇಷನಾಮಗಳು ಶಾಸ್ತ್ರವು ಎಚ್ಚರಗೊಳ್ಳುವ ಮೊದಲೇ ನಿಜವಾದ ಭೇದವನ್ನು ಗುರುತಿಸಿದ್ದುವು. ನೀರಿನ ಬಳಿ ಇದ್ದವರ ಕಣ್ಣು ತಪ್ಪಿರಲಿಲ್ಲ; ಅವರ ಮಾತನ್ನು ಪ್ರಮಾಣವೆಂದು ಎಣಿಸದಿದ್ದುದೇ ತಪ್ಪಾಯಿತು.

೭. ಮುಂದಿನ ಕೆಲಸ

ರೂಢನಾಮವನ್ನು ಶಾಸ್ತ್ರನಾಮದ ಅಶುದ್ಧ ಪರ್ಯಾಯವೆಂದು ತಿಳಿಯುವುದು ಸರಿಯಲ್ಲ. ಅದು ಸರ್ವಪ್ರಮಾಣವೆಂದು ತಿಳಿಯುವುದೂ ಸರಿಯಲ್ಲ. ಅದು ಒಬ್ಬ ಸಾಕ್ಷಿಯ ಹೇಳಿಕೆಯಂತೆ. ಯಾರು, ಎಲ್ಲಿ, ಯಾವ ಸಂಬಂಧದಲ್ಲಿ ಹೇಳಿದರೆಂಬುದು ತಿಳಿದರೆ ಮಾತ್ರ ಅದಕ್ಕೆ ಬೆಲೆ.

ಕರಾವಳಿಯ ಮತ್ತು ನದೀತೀರದ ಕಾಲೇಜುಗಳಲ್ಲಿರುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕೆಲಸವನ್ನು ಕೈಗೊಳ್ಳಬಹುದು. ಪದವನ್ನು ಮಾತ್ರ ಬರೆದುಕೊಂಡು ಬಂದರೆ ‘ಒಂದು ಬಗೆಯ ಮೀನು’ ಎಂಬಲ್ಲಿಗೇ ಮರಳಿದಂತೆ. ಹೆಸರಿನೊಡನೆ ಮೀನಿನ ಚಿತ್ರ, ಅಳತೆ, ಸಿಕ್ಕಿದ ಸ್ಥಳ, ತಿಂಗಳು, ಬಲೆಯ ಬಗೆ, ಹೆಸರು ಹೇಳಿದವರ ಕಸುಬು ಮತ್ತು ಮನೆಮಾತು ಇಷ್ಟನ್ನೂ ದಾಖಲಿಸಬೇಕು. ‘ಇದಕ್ಕೆ ಏನೆನ್ನುತ್ತೀರಿ’ ಎಂದು ಕೇಳಿದ ಮೇಲೆ ‘ಇದರ ಹಾಗೆಯೇ ಇದ್ದು ಈ ಹೆಸರಿಲ್ಲದ ಮೀನು ಯಾವುದು’ ಎಂದೂ ಕೇಳಬೇಕು. ಹೆಸರಿನ ಎಲ್ಲೆ ತಿಳಿಯುವುದು ಎರಡನೆಯ ಪ್ರಶ್ನೆಯಿಂದ. ಮೀನು ಮಾರುವ ಹೆಂಗಸರನ್ನು ಕೇಳಲು ಮರೆಯಬಾರದು. ಹಿಡಿಯುವವರು ಒಂದೇ ಹೆಸರಿನಿಂದ ಕರೆಯುವ ಮೀನನ್ನು ಮಾರುವವರು ಗಾತ್ರ ನೋಡಿ, ರುಚಿ ನೋಡಿ ಬೇರೆಯಾಗಿ ಕರೆಯುವ ಸಂಭವವುಂಟು. ಪ್ರಾಣಿಶಾಸ್ತ್ರ ವಿಭಾಗದವರು ಪ್ರಭೇದವನ್ನು ನಿಶ್ಚಯಿಸಿಕೊಟ್ಟರೆ ಭಾಷಾವಿಭಾಗದವರು ಪದದ ಸಂಬಂಧಗಳನ್ನು ವಿಚಾರಿಸಬಹುದು.

ಯಂತ್ರದ ದೋಣಿಗಳೂ ಮಂಜುಗಡ್ಡೆಯ ಲಾರಿಗಳೂ ಬಂದ ಮೇಲೆ ಬಂದರುಗಳಲ್ಲಿ ವ್ಯಾಪಾರಕ್ಕೆ ಬೇಕಾದ ಹತ್ತಿಪ್ಪತ್ತು ಹೆಸರುಗಳೇ ಮೇಲುಗೈ ಪಡೆಯುವುದು ಸ್ವಾಭಾವಿಕ. ಬೆಲೆಯಿಲ್ಲದ ಸಣ್ಣ ಮೀನುಗಳ ಹೆಸರುಗಳು ಕೈಬಲೆಯ ಮುದುಕರ ಬಳಿ ಉಳಿದಿವೆ. ಅವರನ್ನು ಕಂಡು ಕೇಳುವುದಕ್ಕೆ ವಿಶೇಷವಾದ ಸಲಕರಣೆಗಳು ಬೇಕಾಗಿಲ್ಲ. ಬೆಳಗಿನ ಜಾವ ದೋಣಿ ದಡಕ್ಕೆ ಬರುವ ಹೊತ್ತಿಗೆ ಅಲ್ಲಿರಬೇಕು.